ಬಾವಿಗುಟ್ಟದಿಂದ ಯಾರೂ ಹೋಗುವುದಿಲ್ಲ

ನಮ್ಮವರ ಹೆಸರು ಗುರುರಾಜ. ರೈಲ್ವೆ ಕಚೇರಿಯಲ್ಲಿ ಲೆಕ್ಕ ಹಾಕುವ ಕೆಲಸ. ಮನೆಯಲ್ಲಿ ಬಹಳ ಒಳ್ಳೆಯ ಮನುಷ್ಯ. ಕೂತು ಬೇಳೆ ಆರಿಸಿಕೊಡುತ್ತಾರೆ, ಸುಲ್ತಾನ್ ಬಜಾರಿಗೆ ಹೋದರೆ ಚೀಲ ಹಿಡಿಯುತ್ತಾರೆ, ಸೀರೆ ಅಂಗಡಿಯಲ್ಲಿ ಎಷ್ಟು ಹೊತ್ತಾದರೂ ತುಟಿಪಿಟಕ್ಕೆನ್ನದೆ ಕೂರುತ್ತಾರೆ. ಆದರೆ ಕೊರಳಿಗೆ ಆಫೀಸಿನ ಗುರುತಿನ ಚೀಟಿ ಬಿತ್ತೆಂದರೆ ಮುಗಿಯಿತು. ಮನೆ, ಮಠ, ಹೆತ್ತ ತಾಯಿ ಹೇಳಿಕೊಟ್ಟ ಮಾತು ಎಲ್ಲವೂ ಮರೆತುಹೋಗುತ್ತವೆ. ಬಾವಿಗುಟ್ಟದಲ್ಲಿ ಆದದ್ದೂ ಅದೇ.

ಬಾವಿಗುಟ್ಟ ಎಂದರೆ ತಾಂಡೂರಿನಿಂದ ಹೈದರಾಬಾದಿಗೆ ಬರುವ ದಾರಿಯಲ್ಲಿ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಒಂದು ಹಳ್ಳಿ. ನಿಜಾಮರ ಕಾಲದಲ್ಲಿ ಹಳಿ ಹಾಕಿದವರಿಗೆ ಆ ಹಳ್ಳಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಅದರ ಬಾವಿಯ ಮೇಲೆ. ಕಲ್ಲಿದ್ದಲಿನ ಎಂಜಿನ್ನಿಗೆ ಸರಿಯಾಗಿ ಅಲ್ಲಿಗೆ ಬಂದಾಗ ಬಾಯಾರುತ್ತಿತ್ತು. ಎಂಜಿನ್ ನೀರು ಕುಡಿಯಲು ನಿಂತಿತು, ನಿಂತಿದೆಯಲ್ಲ ಎಂದು ಜನ ಹತ್ತಿದರು, ಜನ ಹತ್ತುತ್ತಾರಲ್ಲ ಎಂದು ಸರ್ಕಾರ ಟಿಕೆಟ್ ಕಿಟಕಿ ಕಟ್ಟಿತು. ಆ ಸ್ಟೇಷನ್ನಿನ ಇತಿಹಾಸವೆಲ್ಲ ಇಷ್ಟೇ. ಎಂಜಿನ್ನಿಗೆ ನೀರಡಿಕೆ ಆಗದಿದ್ದರೆ ಊರಿಗೆ ಸ್ಟೇಷನ್ನೇ ಬರುತ್ತಿರಲಿಲ್ಲ.

ಆಮೇಲೆ ಡೀಸೆಲ್ ಬಂತು, ಕರೆಂಟು ಬಂತು, ನೀರು ಯಾರಿಗೂ ಬೇಡವಾಯಿತು. ಮೊದಲು ನೀರಿನ ಟ್ಯಾಂಕು ಹೋಯಿತು, ಆಮೇಲೆ ಸಿಗ್ನಲ್ ಹೋಯಿತು, ಕೊನೆಗೆ ಸ್ಟೇಷನ್ ಮಾಸ್ಟರನೂ ಹೋದ. ಈಗ ಅದು ಬರೀ ಹಾಲ್ಟ್. ಒಂದು ಕೋಣೆ, ಒಂದು ಬೇವಿನ ಮರ, ಕೂರಲು ತಾಂಡೂರು ಬಂಡೆಯ ಒಂದು ಕಟ್ಟೆ. ಕೋಣೆಯಲ್ಲಿ ಕೂತು ಕಮಿಷನ್ ಮೇಲೆ ಟಿಕೆಟ್ ಮಾರುವವಳು ಅದೇ ಊರಿನ ಗದಿಗೆಮ್ಮ. ಮುಂಜಾನೆ ಒಂದು ಪ್ಯಾಸೆಂಜರ್ ಹೈದರಾಬಾದಿನ ಕಡೆ ಹೋಗುತ್ತದೆ, ಸಂಜೆ ಅದೇ ಗಾಡಿ ವಾಪಸು ಬರುತ್ತದೆ. ನಿಲ್ಲುವುದು ಮಾತ್ರ ಚಪ್ಪಲಿ ಜಾರಿ ಬಿದ್ದರೆ ಎತ್ತಿಕೊಳ್ಳಲೂ ಪುರುಸೊತ್ತಿಲ್ಲದಷ್ಟು.

ಆ ಸ್ಟೇಷನ್ ಕಂಡರೆ ನಮ್ಮ ಅತ್ತೆ ತುಳಸಾಬಾಯಿಯವರಿಗೆ ಪ್ರಾಣ. ಅವರ ತಂದೆ ವೆಂಕೋಬರಾಯರು ಒಂದು ಕಾಲಕ್ಕೆ ಅಲ್ಲಿ ಸ್ಟೇಷನ್ ಮಾಸ್ಟರಾಗಿದ್ದರು. ಅತ್ತೆಯವರು ಹುಟ್ಟಿದ್ದೂ ಅಲ್ಲೇ, ಎಂಜಿನ್ನಿನ ಮಸಿಯಿಂದ ಉಟ್ಟ ಪರಕಾರ ಕಪ್ಪು ಮಾಡಿಕೊಂಡು ತಾಯಿಯ ಕೈಲಿ ಬೈಸಿಕೊಂಡದ್ದೂ ಅಲ್ಲೇ. ರೈಲ್ವೆ ಇಲಾಖೆಯವರು ಆ ಸ್ಟೇಷನ್ನನ್ನು ತಮ್ಮಿಂದ ಕೈಗಡ ತೆಗೆದುಕೊಂಡಿದ್ದಾರೆ ಎಂಬಂತೆ ಅವರು ಇಂದಿಗೂ ಮಾತಾಡುತ್ತಾರೆ.

ಹೋದ ಚಳಿಗಾಲದಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಜನ ಹತ್ತದ ಸಣ್ಣ ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲಿಸುವುದನ್ನು ಬಿಟ್ಟುಬಿಡಬೇಕು. ಅದಕ್ಕೆ ಮೊದಲು ಎರಡು ದಿನ ಸರ್ವೆ ಮಾಡಿ, ಎಷ್ಟು ಜನ ಹತ್ತುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂದು ಫೋನಿನ ಆ್ಯಪಿನಲ್ಲಿ ತುಂಬಬೇಕು. ಬಾವಿಗುಟ್ಟದ ಸರ್ವೆ ನಮ್ಮವರ ಪಾಲಿಗೆ ಬಂತು. ಅತ್ತೆಯವರು ಹಿಂದಿನ ರಾತ್ರಿಯೇ ಎಚ್ಚರಿಸಿದರು. "ಗುರು, ಅದು ನಿಮ್ಮ ಅಜ್ಜನ ಸ್ಟೇಷನ್ನು. ಅದರ ಕುತ್ತಿಗಿ ಹಿಚುಕಿ ಬಂದ್ರ ಮನಿಯೊಳಗ ಕಾಲಿಡಬ್ಯಾಡ."

"ನಾ ಏನ್ ಹಿಚುಕ್ಲಿ ಅಮ್ಮಾ? ಮಂದಿ ಇದ್ದಷ್ಟು ಬರಕೊಂಡು ಬರೋದು, ಅಷ್ಟೇ" ಎಂದರು ನಮ್ಮವರು. ಹಾಗೆಂದು ಬೆಳಗಾಗುವ ಮೊದಲೇ ಕೊರಳಿಗೆ ಚೀಟಿ ಹಾಕಿಕೊಂಡು ಆಫೀಸಿನ ಜೀಪು ಹತ್ತಿದರು.

ಬಾವಿಗುಟ್ಟಕ್ಕೆ ಮುಟ್ಟಿದಾಗ ಗದಿಗೆಮ್ಮ ಆಗಲೇ ಕಿಟಕಿ ತೆರೆದು ಕೂತಿದ್ದಳಂತೆ. ಸರ್ವೆಯ ವಿಷಯ ಗೊತ್ತಿದ್ದರಿಂದ ಪ್ಲಾಟ್‌ಫಾರ್ಮ್ ಗುಡಿಸಿ, ಬೇವಿನ ಮರದ ಕೆಳಗೆ ಇವರಿಗೊಂದು ಕುರ್ಚಿ ಹಾಕಿಸಿದ್ದಳು. ಚಹಾ ಕೊಟ್ಟು, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿಯೇ ಹೇಳಿದಳು.

"ಸಾಹೇಬ್ರ, ನನ್ನ ಕಮಿಷನ್ ಹೋದ್ರ ಹೋಗ್ಲಿ, ಹೊಲದಾಗ ದುಡೀತೀನಿ. ಆದ್ರ ನನ್ನ ಗಂಡ ಹುಲಗೇಶ ಹೈದರಾಬಾದಿನ ಮಣಿಕೊಂಡದಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ್ರಿ. ಈ ಗಾಡಿಗೆ ಹೋಗಿ ಈ ಗಾಡಿಗೆ ಬರ್ತಾನ. ಗಾಡಿ ನಿಲ್ಲಲಿಲ್ಲಾಂದ್ರ ಅಲ್ಲೇ ತಗಡಿನ ಶೆಡ್ಡಿನ್ಯಾಗ ಇರು ಅಂತಾನ ಮೇಸ್ತ್ರಿ. ಮದುವಿಯಾಗಿ ಮೂರ್ನಾಲ್ಕು ವರ್ಷ ಹಂಗ ಇದ್ದ. ಹಬ್ಬಕ್ಕ ಬಂದ್ರ ನನ್ನ ಮಗಳು ಅವನ ಮಾರಿ ನೋಡಿ ಹೆದರಿ ಅಳ್ತಿದ್ಲು. ಈಗ ಸಂಜಿಗೆ ಅಪ್ಪ ಬರೋತನಕ ಉಣ್ಣಂಗಿಲ್ಲ ಅಂತಾಳ. ಅದೊಂದು ಉಳಿಸಿಕೊಡ್ರಿ."

"ನೋಡಮ್ಮಾ, ಉಳಿಸೋದು ಕಳಿಯೋದು ನನ್ನ ಕೈಯಾಗಿಲ್ಲ. ಮಂದಿ ಇದ್ರ ತಾನ ಉಳೀತದ" ಎಂದು ಇವರು ಚಹಾ ಕುಡಿದು ಫೋನ್ ತೆಗೆದರು.

ಮೊದಲು ಬಂದವನು ಅಂಬಣ್ಣ, ಗಾರೆ ಕೆಲಸದವನು. ಕೈಯಲ್ಲಿ ಬುತ್ತಿಯ ಡಬ್ಬಿ. ನಮ್ಮವರು ಎದುರಿಗೆ ಹೋಗಿ ನಿಂತು, ಪಾಪ, ನಗುನಗುತ್ತಲೇ ಕೇಳಿದರು. "ಎಲ್ಲಿಗೆ ಹೊಂಟೀರಿ?"

ಅಂಬಣ್ಣ ಕಲ್ಲಿನಂತೆ ನಿಂತ. ಅವನಿಗೆ ಕನ್ನಡ ತಿಳಿಯಲಿಲ್ಲವೇನೋ ಎನ್ನಿಸಿ ಇವರು ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಕೇಳಿದರು. ಅಂಬಣ್ಣ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಆತ್ ಬಿಡ್ರಿ" ಎಂದು ತಿರುಗಿ ಮನೆಯ ಹಾದಿ ಹಿಡಿದ. ಅವನ ಹಿಂದೆ ಬಂದ ಇಬ್ಬರು ಹೆಂಗಸರೂ ಅಷ್ಟೇ. ಆಮೇಲೆ ಬಂದವನು ಹುಲಗೇಶ. ಅವನಂತೂ ಹೆಂಡತಿಯ ಮುಖ ನೋಡಿದ, ಸಾಹೇಬರ ಮುಖ ನೋಡಿದ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಕಿಟಕಿಯಿಂದ ಗದಿಗೆಮ್ಮ ಕೂಗಿದಳು. "ಸಾಹೇಬ್ರ, ಹಂಗ ಕೇಳಬ್ಯಾಡ್ರಿ!"

"ನೀ ನಡುವ ಬಾಯಿ ಹಾಕಬ್ಯಾಡಮ್ಮಾ. ನಿನ್ನ ಲಾಭ ಇದ್ದದ್ದರೊಳಗ ನೀ ಮಾತಾಡೋ ಹಂಗಿಲ್ಲ, ರೂಲ್ಸ್ ಅದ" ಎಂದರಂತೆ ಇವರು. ಕೊರಳಲ್ಲಿ ಚೀಟಿ ಇತ್ತಲ್ಲ!

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಉಳಿದವರು ಈ ಕೇಳುವವನ ಕಣ್ಣು ತಪ್ಪಿಸಿ ಪ್ಲಾಟ್‌ಫಾರ್ಮಿನ ಆಚೆ ತುದಿಯಿಂದ ಹತ್ತಲು ನೋಡಿದರು. ನಮ್ಮವರು ಬಿಡುವ ಪೈಕಿಯೇ? ಸರ್ಕಾರದ ಸಂಬಳ ತಿನ್ನುವವರು, ಓಡಿದರು. ಓಡಿ ಮುಟ್ಟುವುದು ತಡವಾದೀತೆಂದು ಅರ್ಧ ದಾರಿಯಿಂದಲೇ ಎತ್ತರದ ದನಿಯಲ್ಲಿ ಕೂಗಿದರು. "ಎಲ್ಲಿಗ್ರೀ? ಎಲ್ಲರೂ ಎಲ್ಲಿಗೆ ಹೊಂಟೀರ್ರೀ?" ಅಲ್ಲಿಗೆ ಇದ್ದಬದ್ದವರಿಗೂ ಒಂದೇ ಏಟಿಗೆ ಕೇಳಿದಂತಾಯಿತು. ಗಾಡಿ ಬಂತು, ನಿಂತಿತು, ಹೋಯಿತು. ಒಂದು ಮೇಕೆ ಮಾತ್ರ ಹತ್ತಿತ್ತು, ಅದನ್ನೂ ಗಾರ್ಡ್ ಇಳಿಸಿದ.

ಮುಂಜಾನೆ ಯಾರೂ ಹೋಗಿರಲಿಲ್ಲವಾಗಿ ಸಂಜೆ ಯಾರೂ ಇಳಿಯಲಿಲ್ಲ. ಎರಡೂ ಕಡೆ ಸೊನ್ನೆ ಬರೆದುಕೊಂಡು ಮನೆಗೆ ಬಂದು, ಇವರು ಅಂಜುತ್ತಂಜುತ್ತ ತಾಯಿಗೆ ವರದಿ ಒಪ್ಪಿಸಿದರು.

"ಒಬ್ರೂ ಹೋಗಲಿಲ್ಲಾ?" ಎಂದರು ಅತ್ತೆಯವರು.

"ಒಬ್ರೂ ಇಲ್ಲಮ್ಮಾ. ಬರ್ತಾರ, ನನ್ನ ನೋಡ್ತಾರ, ವಾಪಸ್ ಹೋಗ್ತಾರ. ಎಲ್ಲಾ ಟಿಕೆಟ್ ಇಲ್ಲದ ಗಿರಾಕಿಗಳು ಅಂತ ಕಾಣಸ್ತದ."

"ನೀ ಏನಂತ ಕೇಳಿದಿ?"

"ಏನಂತ ಕೇಳೋದು? ಎಲ್ಲಿಗೆ ಹೊಂಟೀರಿ ಅಂತ. ಮೊದಲನೇ ಪ್ರಶ್ನೆನೇ ಅದು."

ಅತ್ತೆಯವರು ಚಹಾದ ಲೋಟ ಕೆಳಗಿಟ್ಟರು. "ಮುಂಜಾನೆದ್ದು ಹೊರಗ ಬಿದ್ದ ಮಂದಿಗೆ? ಎದುರಿಗೆ ನಿಂತು? ಎಲ್ಲಿಗೆ ಅಂತ?"

ನಮ್ಮವರ ಮುಖ ಬಿಳಿಚಿತು. ಆಗ ಕೊರಳಲ್ಲಿ ಚೀಟಿ ಇರಲಿಲ್ಲ ನೋಡಿ, ಎಲ್ಲ ನೆನಪಾಯಿತು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಮನೆಗೆ ಮರಳಿ, ಕಾಲು ತೊಳೆದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡಬೇಕು. ನಮ್ಮ ಮನೆಯಲ್ಲಿ ಇವರು ತರಕಾರಿಗೆ ಹೊರಟಾಗಲೂ ನಾನು ಹಾಗೆ ಕೇಳುವಂತಿಲ್ಲ. ಬಾವಿಗುಟ್ಟದವರು ಮರಳಿ, ಕಾಲು ತೊಳೆದು, ನೀರು ಕುಡಿದು ಕೂತರು. ಮತ್ತೆ ಹೊರಡುವಷ್ಟರಲ್ಲಿ ಗಾಡಿ ವಿಕಾರಾಬಾದ್ ದಾಟಿತ್ತು.

"ಸೀನಿದ್ರೂ ಒಂದು ಗಳಿಗಿ ತಡದು ಹತ್ತತಿದ್ರು" ಎಂದು ಅತ್ತೆಯವರು ಹಣೆ ಬಡಿದುಕೊಂಡರು. "ಏಳು, ನಾಳೆ ನಾನೂ ಬರ್ತೀನಿ. ಶುಭಾ, ನೀನೂ ಬಾ. ಇವನ್ನ ಒಬ್ಬನ್ನ ಬಿಟ್ರ ಇಡೀ ರೈಲ್ವೆ ಲೈನ್ ಬಂದ್ ಮಾಡಿಸ್ತಾನ."

ಮರುದಿನ ಜೀಪಿನ ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ನಾನು ಮತ್ತು ಸರ್ವೆ ಅಧಿಕಾರಿ. ಆಫೀಸಿನ ಜೀಪಿನಲ್ಲಿ ಮನೆಯವರನ್ನು ಕೂರಿಸುವುದು ನಿಯಮಕ್ಕೆ ವಿರುದ್ಧ ಎಂದು ಇವರು ಗೊಣಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಅತ್ತೆಯವರು ತಮ್ಮ ತಂದೆಯ ಕಥೆ ಹೇಳಿದರು. ವೆಂಕೋಬರಾಯರಿಗಿಂತ ಮುಂಚೆ ಯಾವುದೋ ದೂರದ ಸೀಮೆಯ ಮಾಸ್ಟರ್ ಒಬ್ಬ ಇದ್ದನಂತೆ. ಅವನೂ ಹೀಗೆಯೇ, ಕಿಟಕಿಯಿಂದ ಕತ್ತು ಹೊರಹಾಕಿ ಎಲ್ಲಿಗೆ ಎಲ್ಲಿಗೆ ಎಂದು ಕೇಳಿ ಕೇಳಿ, ಗಾಡಿಗಳು ಬರೀ ನೀರು ಕುಡಿದು ಹೋಗುವಂತೆ ಮಾಡಿದ್ದ. ವೆಂಕೋಬರಾಯರು ಬಂದು ಒಂದು ಉಪಾಯ ಹೂಡಿದರು. ಕಿಟಕಿಗೆ ಬಂದವರನ್ನು "ದೂರಾ ಏನ್ರಿ?" ಎಂದಷ್ಟೇ ಕೇಳುವುದು. "ಇಲ್ರಿ, ಸಮೀಪ" ಎಂದರೆ ತಾಂಡೂರು. "ದೂರ" ಎಂದರೆ ಹೈದರಾಬಾದಿನ ಕಡೆ. "ಭಾಳ ದೂರ" ಎಂದರೆ ವಾಡಿಗೆ ಹೋಗಿ ಗಾಡಿ ಬದಲಿಸುವವರು. ಅಂದಿನಿಂದ ಇಂದಿನವರೆಗೆ, ಮಾಸ್ಟರ್ ಹೋಗಿ ಗದಿಗೆಮ್ಮ ಬಂದರೂ, ಆ ಕಿಟಕಿಯಲ್ಲಿ ಊರಿನ ಹೆಸರು ಹೇಳಿ ಟಿಕೆಟ್ ಪಡೆದವರಿಲ್ಲವಂತೆ.

ಸ್ಟೇಷನ್ನಿನಲ್ಲಿ ಜನ ನಮ್ಮ ಜೀಪು ಕಂಡೊಡನೆ ಬೇಲಿಯ ಹಿಂದೆ ಅಡಗಿದರು. ಅತ್ತೆಯವರು ಇಳಿದು, ಸೆರಗು ಸರಿಮಾಡಿಕೊಂಡು, ಬೇಲಿಯ ಕಡೆ ತಿರುಗಿ ಹೇಳಿದರು. "ಬರ್ರೆಪಾ, ಅಂಜಬ್ಯಾಡ್ರಿ. ನಾ ವೆಂಕೋಬರಾಯರ ಮಗಳು. ಇವ ನನ್ನ ಮಗ. ನಿನ್ನೆ ತಪ್ಪು ಮಾಡ್ಯಾನ, ಇವತ್ತ ಸರಿಯಾಗಿ ಕೇಳ್ತಾನ."

ನಮ್ಮವರು ಎದೆಯ ಮೇಲೆ ಚೀಟಿ ತೂಗಾಡಿಸಿಕೊಂಡು ನಿಂತು, ಕಲಿಸಿದ ಪಾಠ ಒಪ್ಪಿಸಿದರು. "ದೂರಾ ಏನ್ರಿ?"

"ಹೌದ್ರಿ, ದೂರ" ಎಂದ ಅಂಬಣ್ಣ, ಸಂತೋಷದಿಂದ. ಹಿಂದಿದ್ದವರೂ ದೂರ, ದೂರ, ದೂರ ಎನ್ನುತ್ತ ಸಾಲಾಗಿ ಬಂದರು. ಹುಲಗೇಶ ನಿನ್ನೆಯ ಕೂಲಿ ಕಳೆದುಕೊಂಡವನು, ಇವತ್ತು ಎಲ್ಲರಿಗಿಂತ ಮುಂದೆ ನಿಂತಿದ್ದ. ಗಾಡಿ ಬಂದಾಗ ಎಲ್ಲರೂ ಗದಿಗೆಮ್ಮನ ಕಿಟಕಿಯ ಕಡೆ ಕೈಯೆತ್ತಿ "ಬರ್ತೀವಿ" ಎಂದು ಹತ್ತಿದರು. ಹುಲಗೇಶನೂ "ಬರ್ತೀನಿ" ಎಂದ. ಬಾಗಿಲಲ್ಲಿ ನೇತಾಡುವಷ್ಟು ಜನ ತುಂಬಿತ್ತು. ನಾನು ಚಪ್ಪಾಳೆ ತಟ್ಟಿಯೇ ಬಿಟ್ಟೆ.

ಗಾಡಿ ಹೋದ ಮೇಲೆ ನೋಡುತ್ತೇನೆ, ನಮ್ಮವರು ಫೋನ್ ಹಿಡಿದುಕೊಂಡು ಬೆವರುತ್ತಿದ್ದಾರೆ. ಆ್ಯಪು ಎಲ್ಲಿಗೆ ಎಂಬ ಕಡೆ ಸ್ಟೇಷನ್ನಿನ ಹೆಸರನ್ನೇ ಕೇಳುತ್ತಿತ್ತು. "ದೂರ" ಎಂದು ಒತ್ತಿದರೆ ಅಂಥ ಸ್ಟೇಷನ್ ಇಲ್ಲ ಎನ್ನುತ್ತಿತ್ತು. "ಭಾಳ ದೂರ" ಎಂದು ಒತ್ತಿದರೆ ಸುಮ್ಮನೆ ತಿರುಗುತ್ತ ಕೂರುತ್ತಿತ್ತು. ಸ್ಟೇಷನ್ನಿನ ಹೆಸರಿಲ್ಲದೆ ಒಬ್ಬ ಮನುಷ್ಯನೂ ಲೆಕ್ಕಕ್ಕೆ ಸೇರುವಂತಿರಲಿಲ್ಲ.

"ದೂರ ಅಂದ್ರ ಹೈದರಾಬಾದಿನ ಕಡೆ ಅಂತ ಗೊತ್ತೇ ಅದಲ್ಲ, ಲಿಂಗಂಪಲ್ಲಿ ಅಂತ ಹಾಕಿಬಿಡ್ರಿ" ಎಂದೆ ನಾನು.

"ಅವರು ಹೇಳಿಲ್ಲಲ್ಲ ಶುಭಾ. ಒಬ್ಬ ಬೇಗಂಪೇಟಕ್ಕೆ ಹೋಗ್ತಿದ್ರ? ಮಂದಿ ಹೇಳದ್ದನ್ನ ನಾ ಹೆಂಗ ಬರೀಲಿ?" ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೂ ಚೆನ್ನಾಗಿದೆ ಎಂದು ಸುಳ್ಳು ಹೇಳುವವರು ಇಲ್ಲಿ ಹರಿಶ್ಚಂದ್ರನ ಮೊಮ್ಮಗನಾಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಕಿಟಕಿಯಲ್ಲಿ ಗದಿಗೆಮ್ಮ ಕೈ ಜೋಡಿಸಿಕೊಂಡು ಕೂತಿದ್ದಳು.

ದಾರಿ ತೋರಿಸಿದವರು ಅತ್ತೆಯವರೇ. ಬಂಡೆಯ ಕಟ್ಟೆಯ ಮೇಲೆ ಕೂತು ಬುತ್ತಿಯ ಅವಲಕ್ಕಿ ತಿನ್ನುತ್ತ ಅವರು ಕೇಳಿದರು. "ಇಳಿದವರನ್ನ ಬರಕೊಳ್ಳಿಕ್ಕೆ ಜಾಗ ಅದನೋ ಇಲ್ಲೋ ಅದರಾಗ?"

"ಅದ. ಎಲ್ಲಿಂದ ಬಂದರು ಅಂತ ತುಂಬಬೇಕು."

"ಹಂಗಾರ ಸಂಜಿತನಕ ಬಾಯಿ ಮುಚ್ಚಿಕೊಂಡು ಕೂಡು. ಹೋಗೋರನ್ನ ಕೇಳಬಾರದು, ಖರೆ. ಬಂದೋರನ್ನ ಕೇಳಿದ್ರ ಯಾರ ಗಂಟೂ ಹೋಗಂಗಿಲ್ಲ. ಮಂದಿ ಕಾಯ್ತಿರ್ತಾರ, ಯಾರರೆ ಕೇಳಲಿ ಅಂತ."

ಆ ಮಾತು ಎಷ್ಟು ನಿಜ ಎಂದು ಸಂಜೆ ತಿಳಿಯಿತು. ಗಾಡಿ ತಡವಾಗಿ ಬಂತು, ಜನ ಧುಮುಧುಮು ಇಳಿದರು. ನಮ್ಮವರು ಎಲ್ಲಿಂದ ಬಂದಿರಿ ಎಂದು ಕೇಳಿದ್ದೇ ತಡ, ಬಾವಿಗುಟ್ಟಕ್ಕೆ ಬಾವಿಗುಟ್ಟವೇ ಬಾಯಿ ಬಿಚ್ಚಿತು. ಅಂಬಣ್ಣ ಲಿಂಗಂಪಲ್ಲಿಯಿಂದ ಬಂದೆ ಎನ್ನುವ ಮೊದಲು ಮಣಿಕೊಂಡದ ಹದಿನೇಳನೇ ಮಹಡಿಯಿಂದ ಇಳಿದು ಬಂದ ಕಥೆ ಹೇಳಿದ, ಅಲ್ಲಿ ಲಿಫ್ಟು ಸಾಹೇಬರಿಗೆ ಮಾತ್ರ ಎಂಬುದನ್ನೂ ಸೇರಿಸಿದ. ಒಬ್ಬ ಮುದುಕಿ ಕೂಕಟ್‌ಪಲ್ಲಿಯ ಮಗಳ ಮನೆಯಿಂದ ಬಂದಿದ್ದಳು. ಅಳಿಯ ಮೂರು ಹೊತ್ತೂ ಫೋನು ನೋಡುತ್ತಾನೆ, ಅನ್ನಕ್ಕೆ ಸಾರು ಹಾಕಿದ್ದೂ ಅವನಿಗೆ ತಿಳಿಯುವುದಿಲ್ಲ ಎಂದು ಆಕೆ ದೂರು ಕೊಟ್ಟಳು. ನಮ್ಮವರು ಅದನ್ನೂ ಬರೆದುಕೊಳ್ಳುತ್ತಿದ್ದಾರೆಂದು ತಿಳಿದು ಅಳಿಯನ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದಳು. ಹೇಳಿ ಮುಗಿಸಿದವರೂ ಮನೆಗೆ ಹೋಗದೆ ಉಳಿದವರದನ್ನು ಕೇಳುತ್ತ ನಿಂತರು. ಅತ್ತೆಯವರು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಅಜ್ಜನ ಹೆಸರು ಕೇಳುತ್ತಿದ್ದರು. ನಾನು ನಕ್ಕು ನಕ್ಕು ಸುಸ್ತಾದೆ.

ಹುಲಗೇಶ ಮಾತ್ರ ಇಳಿಯಲಿಲ್ಲ.

ಗದಿಗೆಮ್ಮ ಕೋಣೆಯಿಂದ ಹೊರಬಂದು ಗಾಡಿಯ ಹಿಂದಿನ ಡಬ್ಬಿಯವರೆಗೂ ನೋಡಿದ್ದಳು. ಅಂಬಣ್ಣ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. "ತಂಗಿ, ಮೇಸ್ತ್ರಿ ಅವನ್ನ ಬಿಡಲಿಲ್ಲ. ನಿನ್ನೆ ಯಾಕ ಬರಲಿಲ್ಲಂತ ಭಾಳ ಬೈದ. ನಿಮ್ಮ ಊರಾಗ ಗಾಡಿ ನಿಲ್ಲೋದು ಬಂದ್ ಆಗತೈತಂತಲ್ಲ, ನಿನ್ನ ನೆಚ್ಚಿಕೊಂಡು ನಾ ಸ್ಲ್ಯಾಬ್ ಹಾಕಲೇನು, ಇವತ್ತಿಂದ ಶೆಡ್ಡಿನ್ಯಾಗ ಇರು, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋ ಅಂದ."

ಗದಿಗೆಮ್ಮ ಒಳಗೆ ಹೋಗಿ ಕಿಟಕಿ ಮುಚ್ಚಿದಳು. ನಮ್ಮವರನ್ನು ಬೈದಿದ್ದರೆ ಚೆನ್ನಾಗಿತ್ತು. ಆ ಹೊತ್ತಿಗೆ ನನಗೆ ಬಹಳ ನಾಚಿಕೆಯಾಯಿತು. ಅಷ್ಟು ನಕ್ಕಿದ್ದೆನಲ್ಲ ಎಂದು. ನಮ್ಮವರು ಜೀಪಿನಲ್ಲಿ ಕೂತ ಮೇಲೆ ಕೊರಳಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡರು.

ಹೀಗೆ ಆ ಎರಡನೆಯ ದಿನದ ಲೆಕ್ಕ ಮೇಲಿನ ಕಚೇರಿಗೆ ಹೋಯಿತು. ಬಾವಿಗುಟ್ಟ: ಹತ್ತಿದವರು ಸೊನ್ನೆ, ಇಳಿದವರು ಅರವತ್ತೆರಡು. ಆಮೇಲಿನ ದಿನಗಳಲ್ಲಿ ಅತ್ತೆಯವರು ದಿನಾ ಸಂಜೆ ಮಗನನ್ನು ಒಂದೇ ಕೇಳುತ್ತಿದ್ದರು. "ಆ ಹುಡುಗ ಮನಿಗೆ ಬಂದನಂತೇನು?" ಇವರು ಅಂಬಣ್ಣನಿಗೆ ಫೋನ್ ಮಾಡಿ ಕೇಳಿ, ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಮಗಳು ಊಟಕ್ಕೆ ಹಟ ಮಾಡುತ್ತಾಳೆಂದು ಅಂಬಣ್ಣನೇ ಒಮ್ಮೆ ಹೇಳಿದ್ದನಂತೆ. ಆ ರಾತ್ರಿ ನಮ್ಮ ಮನೆಯಲ್ಲೂ ಯಾರೂ ಸರಿಯಾಗಿ ಉಣ್ಣಲಿಲ್ಲ.

ಒಂದು ಭಾನುವಾರ ಮೇಲಧಿಕಾರಿಯ ಫೋನ್ ಬಂತು. ಉತ್ತರದ ಕಡೆಯವರು, ಹಿಂದಿ ಬಿಟ್ಟರೆ ಬೇರೆ ಮಾತಿಲ್ಲ. ಫೋನ್ ದೂರ ಹಿಡಿದರೂ ಅವರ ಗದರಿಕೆ ಅಡುಗೆಮನೆಗೆ ಕೇಳುತ್ತಿತ್ತು. "ಏನ್ರೀ ಗುರುರಾಜ್ ಇದು? ಯಾರೂ ಹತ್ತದ ಸ್ಟೇಷನ್ನಿನಲ್ಲಿ ಅರವತ್ತೆರಡು ಮಂದಿ ಇಳಿಯೋದು ಹೇಗೆ? ಹೋಗದೇ ಇದ್ದವರು ಎಲ್ಲಿಂದ ಬಂದರು? ತಪ್ಪು ಲೆಕ್ಕ ಅಂತ ತೆಗೆದುಹಾಕಲಾ?"

ನಮ್ಮವರು ಮೇಲಧಿಕಾರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವತ್ತು ಎದ್ದು ನಿಂತು, ಬನಿಯನ್ನಿನಲ್ಲೇ, ಗಟ್ಟಿಯಾಗಿ ಹೇಳಿದರು. "ತಪ್ಪಿಲ್ಲ ಸಾಬ್. ಬಾವಿಗುಟ್ಟದಿಂದ ಯಾರೂ ಹೋಗುವುದಿಲ್ಲ. ಹತ್ತುವವರೆಲ್ಲ ಬರ್ತೀವಿ ಅಂತ ಹೇಳಿ ಹತ್ತುತ್ತಾರೆ. ಹಾಗೇ ಸಂಜೆ ಬರುತ್ತಾರೆ. ಗಾಡಿ ನಿಲ್ಲದಿದ್ದರೆ ಅವರ ಮಾತು ಸುಳ್ಳಾಗುತ್ತದೆ. ಒಬ್ಬನ ಮಾತನ್ನು ನಾನು ಆಗಲೇ ಸುಳ್ಳು ಮಾಡಿಸಿ ಬಂದಿದ್ದೇನೆ." ಆಮೇಲೆ ನಡೆದದ್ದನ್ನೆಲ್ಲ, ಮೇಕೆಯನ್ನೂ ಬಿಡದೆ, ಹೇಳಿದರು.

ಆ ಕಡೆಯಿಂದ ನಗು ಕೇಳಿಸಿತು. "ನಮ್ಮ ತಾಯಿಯೂ ಹಾಗೇ. 'ಜಾತಾ ಹೂಂ' ಅಂದರೆ ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು, 'ಆತಾ ಹೂಂ' ಅನ್ನಿಸಿಯೇ ಬಿಡುತ್ತಿದ್ದಳು. ಆಯ್ತು, ಇಳಿದವರ ಲೆಕ್ಕವನ್ನೇ ಹಿಡಿಯೋಣ."

ಆದೇಶ ಕೈಗೆ ಬಂದ ದಿನ ನಮ್ಮವರು ಆಫೀಸಿನಿಂದ ಓಡೋಡಿ ಬಂದರು. ಸಂಜೆಯ ಗಾಡಿ ಬಾವಿಗುಟ್ಟ ಮುಟ್ಟಲು ಇನ್ನೂ ಹೊತ್ತಿತ್ತು. ಚಪ್ಪಲಿಯನ್ನೂ ಬಿಡದೆ ಗದಿಗೆಮ್ಮನಿಗೆ ಫೋನ್ ಮಾಡಿ, ನಮಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಗದಿಗೆಮ್ಮಾ, ಗಾಡಿ ನಿಲ್ಲೋದು ಖಾಯಂ ಆತು. ಹುಲಗೇಶಗ ಹೇಳು. ಮೇಸ್ತ್ರಿ ನಂಬಲಿಲ್ಲಂದ್ರ ನನ್ನ ಜೊತಿ ಮಾತಾಡ್ಸು, ನಾ ಹೇಳ್ತೀನಿ."

"ಖರೇನ್ರಿ ಸಾಹೇಬ್ರ? ಕಾಗದ ಬಂದೈತೇನ್ರಿ?"

"ಬಂದದ. ನನ್ನ ಕೈಯಾಗನ ಅದ."

"ಹಂಗಾರ ಈಗಿಂದೀಗ ಫೋನ್ ಮಾಡ್ತೀನ್ರಿ. ಇವತ್ತಿನ ಗಾಡಿಗೇ ಹತ್ತು ಅಂತೀನಿ."

"ಅವಸರ ಮಾಡಬ್ಯಾಡ. ಹಾಸಿಗಿ, ಸಾಮಾನು ಎಲ್ಲಾ ಕಟ್ಟಿಕೊಂಡು ನಾಳೆ ಬರಲಿ" ಎಂದರು ನಮ್ಮವರು.

"ಹಾಸಿಗಿ ಅಲ್ಲೇ ಬಿಟ್ಟು ಬರ್ಲಿ ಬಿಡ್ರಿ. ಶೆಡ್ಡಿನ ಹಾಸಿಗಿ ತುಂಬ ತಿಗಣಿ. ಮನ್ಯಾಗ ಹಾಸಿಗಿ ಐತಿ" ಎಂದಳು ಗದಿಗೆಮ್ಮ. ಅಷ್ಟು ಹೇಳಿ ಆಕೆ ಒಮ್ಮೆಲೇ ಅಳತೊಡಗಿದಳು. ಅಳುತ್ತಲೇ ಕಿಟಕಿಗೆ ಬಂದ ಯಾರಿಗೋ, ತಡೀರಿ, ಟಿಕೆಟ್ ಕೊಡ್ತೀನಿ ಎಂದದ್ದು ಕೇಳಿಸಿತು. ನನಗೂ ಕಣ್ಣು ತುಂಬಿ ಬಂತು. ನಮ್ಮವರಿಗೆ ಸಮಾಧಾನದ ಮಾತು ಬರುವುದಿಲ್ಲ, ಮೊದಲಿನಿಂದಲೂ ಅಷ್ಟೇ. ಆಕೆ ಅತ್ತು ಮುಗಿಸುವವರೆಗೂ ಫೋನ್ ಹಿಡಿದುಕೊಂಡು ನಿಂತಿದ್ದರು.